ಕೀಮೋ ನಡೆಯುತ್ತಿರುವಾಗ ಮದ್ದು ಸೊಪ್ಪು, ಅರಿಶಿನದ ಕ್ಯಾಪ್ಸೂಲ್ ಕೊಡಬಹುದೇ? ರಕ್ಷಕ ಔಷಧಗಳ ಬಗ್ಗೆ ಬಲ್ಲವರು ತಿಳಿಸಿ

ಕಕ್ಕಬ್ಬೆಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವನಿಗೆ 58 ವರ್ಷ. ಮೇ ತಿಂಗಳಲ್ಲಿ ಕ್ಯಾನ್ಸರಿಗೆಂದು ಎಡ ಸ್ತನದ ಶಸ್ತ್ರಚಿಕಿತ್ಸೆಯಾಗಿ, ಜುಲೈ 11ರಂದು ಮೈಸೂರಿನ ಆಸ್ಪತ್ರೆಯೊಂದರಲ್ಲಿ ಮೊದಲ ಕೀಮೋ ಆಯಿತು. ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಎರಡು ಔಷಧಗಳನ್ನು ಮೂರು ವಾರಕ್ಕೊಮ್ಮೆಯಂತೆ ನಾಲ್ಕು ಸಲ ಕೊಟ್ಟು, ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬುದನ್ನು ವಾರಕ್ಕೊಂದರಂತೆ ಹನ್ನೆರಡು ಸಲ ಕೊಡುವುದಾಗಿ ಫೈಲಿನಲ್ಲಿ ಬರೆದಿದ್ದಾರೆ.

ಮೊದಲ ಸುತ್ತಿನಲ್ಲಿ ಅವ್ವ ತುಂಬ ಬಳಲಿದರು. ನಾಲ್ಕು ದಿನ ವಾಕರಿಕೆ, ಎರಡನೆಯ ವಾರದಲ್ಲಿ ಬಾಯಿಹುಣ್ಣು, ಅಡುಗೆಮನೆಯಲ್ಲಿ ಒಗ್ಗರಣೆಯ ವಾಸನೆ ಬಂದರೂ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಅವರ ಪಾಡು ನೋಡಿ ನೆಂಟರಲ್ಲೊಬ್ಬರು ಬೆಂಗಳೂರಿನಿಂದ ಕರ್ಕ್ಯುಮಿನ್ ಕ್ಯಾಪ್ಸೂಲಿನ ದೊಡ್ಡ ಡಬ್ಬಿಯೊಂದನ್ನು ಕಳುಹಿಸಿದ್ದಾರೆ. ಅದು ಅರಿಶಿನದ ಸಾರವೆಂದೂ, ಮೈಗೆ ಚೆನ್ನಾಗಿ ಹಿಡಿಯಲೆಂದು ಕರಿಮೆಣಸಿನ ಸಾರವನ್ನೂ ಸೇರಿಸಿದೆಯೆಂದೂ ಮೇಲೆ ಬರೆದಿದೆ. ‘ಕೀಮೋದಿಂದ ಒಳ್ಳೆಯ ಜೀವಕೋಶಗಳು ಸಾಯದಂತೆ ಕಾಪಾಡುತ್ತದೆ’ ಎಂಬುದು ಕಳುಹಿಸಿದವರ ಮಾತು.

ಇನ್ನೊಂದು ವಿಷಯ ನಮ್ಮ ನಾಡಿನವರಿಗೆ ಮಾತ್ರ ಅರ್ಥವಾಗುವಂಥದ್ದು. ಎರಡನೆಯ ಕೀಮೋ ಆಗಸ್ಟ್ 1ಕ್ಕೆ ಇದೆ, 3ನೇ ತಾರೀಖು ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಅವ್ವ ಹುಟ್ಟಿದಾಗಿನಿಂದ ಆ ದಿನ ಮದ್ದು ಸೊಪ್ಪಿನ ಪಾಯಸ ತಿನ್ನದೆ ಇದ್ದವರಲ್ಲ. ಹದಿನೆಂಟು ಬಗೆಯ ಔಷಧ ಆ ದಿನ ಆ ಗಿಡದಲ್ಲಿ ಸೇರಿರುತ್ತದೆ ಎಂಬ ನಂಬಿಕೆಯ ಜೊತೆಗೆ, ಕಾಯಿಲೆಯ ವರ್ಷವೇ ಬಿಟ್ಟರೆ ಹೇಗೆ ಎಂಬ ಅಳುಕೂ ಅವರಿಗಿದೆ. ಮೊದಲ ಕೀಮೋದಲ್ಲಿ ನರ್ಸ್ ಕೆಂಪು ಔಷಧದ ಸಿರಿಂಜನ್ನು ನಿಧಾನವಾಗಿ ಒತ್ತುತ್ತಿದ್ದಾಗ ಅವ್ವ ನನ್ನ ಕಡೆ ತಿರುಗಿ, ‘ನಮ್ಮ ಮದ್ದು ಸೊಪ್ಪು ಬೇಯಿಸಿದ ನೀರಿನ ಹಾಗೇ ಇದೆಯಲ್ಲ’ ಎಂದಿದ್ದರು.

ಹಾಗಾಗಿ ಕೇಳುತ್ತಿದ್ದೇನೆ. ಈ ಎರಡನ್ನು ಕೊಡಬಹುದೇ? ಹೃದಯವನ್ನು, ಮೂತ್ರಕೋಶವನ್ನು ಕೀಮೋದಿಂದ ಕಾಪಾಡುವ ಬೇರೆ ಔಷಧಗಳೇ ಇವೆಯೆಂದು ಓದಿದ್ದೇನೆ. ಅವನ್ನು ಅವ್ವನಿಗೆ ಏಕೆ ಬರೆದಿಲ್ಲ? ಡಾಕ್ಟರನ್ನು ಕೇಳಬೇಕೆಂದುಕೊಂಡೇ ಹೋಗುತ್ತೇನೆ, ಸರದಿ ಬಂದಾಗ ಐದು ನಿಮಿಷದಲ್ಲಿ ಏನೂ ನೆನಪಾಗುವುದಿಲ್ಲ.

ಗೋಣಿಕೊಪ್ಪದ ನಿವೃತ್ತ ಔಷಧಿಕಾರ

ಅಮ್ಮಾ, ನಾನು ವೈದ್ಯನಲ್ಲ. ಆಸ್ಪತ್ರೆಯ ಔಷಧಾಲಯದಲ್ಲಿ ಮೂವತ್ತು ವರ್ಷ ದುಡಿದು, ಕೊನೆಯ ಕೆಲವು ವರ್ಷ ಕೀಮೋ ಔಷಧ ಬೆರೆಸುವ ಕೋಣೆಯಲ್ಲಿದ್ದವನು. ಅಂತಿಮ ಮಾತು ನಿಮ್ಮ ವೈದ್ಯರದೇ. ಅವರ ಮುಂದೆ ಕೂತಾಗ ಏನು ಕೇಳಬೇಕೆಂಬುದು ತಿಳಿಯಲೆಂದು ಇಷ್ಟು ಬರೆಯುತ್ತಿದ್ದೇನೆ.

ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಉಳಿದ ಎರಡಕ್ಕೂ ಉತ್ತರ ಅದರೊಳಗೇ ಇದೆ. ಕೀಮೋದಿಂದ ಕಾಪಾಡುವ ಔಷಧಗಳು ನಿಜವಾಗಿಯೂ ಇವೆ. ಆದರೆ ಅವುಗಳಲ್ಲಿ ಒಂದೂ ‘ಕೀಮೋ’ದಿಂದ ಕಾಪಾಡುವುದಿಲ್ಲ, ಇಂಥದೇ ಔಷಧ ಇಂಥದೇ ಅಂಗಕ್ಕೆ ಮಾಡುವ ಇಂಥದೇ ಹಾನಿಯಿಂದ ಕಾಪಾಡುತ್ತದೆ, ಅದೂ ಹೇಳಿದ ಹೊತ್ತಿಗೆ ಕೊಟ್ಟರೆ ಮಾತ್ರ. ಮೆಸ್ನಾ ಎಂಬುದನ್ನೇ ನೋಡಿ. ಸೈಕ್ಲೊಫಾಸ್ಫಮೈಡ್ ಮತ್ತು ಅದರ ತಮ್ಮನಂತಿರುವ ಐಫಾಸ್ಫಮೈಡ್ ದೇಹದಲ್ಲಿ ಒಡೆದಾಗ ಅಕ್ರೋಲಿನ್ ಎಂಬ ಉರಿಯುವ ವಸ್ತು ಹುಟ್ಟಿ, ಮೂತ್ರಕೋಶದಲ್ಲಿ ನಿಂತು ಅದರ ಒಳಪದರವನ್ನು ಸುಟ್ಟು ರಕ್ತ ಬರಿಸುತ್ತದೆ. ಮೆಸ್ನಾ ಆ ಅಕ್ರೋಲಿನ್ನನ್ನು ಹಿಡಿದುಕೊಂಡು ನಿರುಪದ್ರವಿ ಮಾಡುತ್ತದೆ. ಇದರಲ್ಲಿ ಮೆಚ್ಚಬೇಕಾದ್ದು ಬೇರೆಯೇ ಇದೆ: ರಕ್ತದಲ್ಲಿರುವಾಗ ಅದು ಜೋಡಿಯಾಗಿ ಬೆಸೆದುಕೊಂಡು ನಿಷ್ಕ್ರಿಯವಾಗಿರುತ್ತದೆ, ಮೂತ್ರಪಿಂಡಕ್ಕೆ ಬಂದ ಮೇಲೆ ಜೋಡಿ ಬಿಚ್ಚಿಕೊಂಡು ಕೆಲಸಕ್ಕೆ ಇಳಿಯುತ್ತದೆ. ಹೀಗಾಗಿ ಮೂತ್ರಕೋಶ ಉಳಿಯುತ್ತದೆ, ಗಡ್ಡೆಯ ಮೇಲೆ ಬೀಳಬೇಕಾದ ಪೆಟ್ಟು ಬಿದ್ದೇ ಬೀಳುತ್ತದೆ. ನಿಮ್ಮ ಅವ್ವನಿಗೆ ಕೊಡುವ ಪ್ರಮಾಣದಲ್ಲಿ ಸಾಮಾನ್ಯವಾಗಿ ಮೆಸ್ನಾ ಬೇಕಾಗುವುದಿಲ್ಲ. ಚೆನ್ನಾಗಿ ನೀರು ಕುಡಿದು, ರಾತ್ರಿಯೂ ಎದ್ದು ಮೂತ್ರ ಮಾಡಿ ಬಂದರೆ ಸಾಕಾಗುತ್ತದೆ. ಐಫಾಸ್ಫಮೈಡ್ ಕೊಡುವಾಗ ಮಾತ್ರ ಅದನ್ನು ಬಿಡುವಂತಿಲ್ಲ.

ಹೃದಯದ ಮಾತಿಗೆ ಬಂದರೆ, ಡಾಕ್ಸೊರುಬಿಸಿನ್ನಿನ ಹಾನಿ ಒಟ್ಟು ಪ್ರಮಾಣ ಏರಿದಂತೆ ಏರುತ್ತದೆ. ಡೆಕ್ಸ್‌ರಾಜೊಕ್ಸೇನ್ ಎಂಬ ಸಂಶ್ಲೇಷಿತ ಔಷಧವು ಕಬ್ಬಿಣವನ್ನು ಹಿಡಿದಿಟ್ಟು, ಹೃದಯದ ಜೀವಕೋಶಗಳಲ್ಲಿ ಡಾಕ್ಸೊರುಬಿಸಿನ್ ಎಬ್ಬಿಸುವ ಹಾನಿಯನ್ನು ತಗ್ಗಿಸುತ್ತದೆ. ಅಮೆರಿಕದಲ್ಲಿ ಇದಕ್ಕೆ 1995ರಲ್ಲಿ ಅನುಮತಿ ಸಿಕ್ಕಿತು, ಆದರೆ ಸ್ತನ ಕ್ಯಾನ್ಸರ್ ಬೇರೆಡೆ ಹರಡಿ, ಈಗಾಗಲೇ ಮೈಯ ಮೇಲ್ಮೈಯ ಚದರ ಮೀಟರಿಗೆ 300 ಮಿಲಿಗ್ರಾಂ ಡಾಕ್ಸೊರುಬಿಸಿನ್ ಪಡೆದಿದ್ದು, ಇನ್ನೂ ಮುಂದುವರಿಸಬೇಕಾದ ಹೆಂಗಸರಿಗೆ ಎಂಬ ಕಟ್ಟುಪಾಡಿನೊಂದಿಗೆ. ಮೊದಲಿನಿಂದಲೇ ಏಕೆ ಕೊಡಬಾರದು ಎಂದರೆ, ಹಾಗೆ ಕೊಟ್ಟ ಒಂದು ಅಧ್ಯಯನದಲ್ಲಿ ಗಡ್ಡೆ ಕುಗ್ಗಿದವರ ಪ್ರಮಾಣ ಕಡಿಮೆ ಕಂಡುಬಂದಿತ್ತು. ನಂತರದ ಒಟ್ಟು ವಿಶ್ಲೇಷಣೆಗಳಲ್ಲಿ ಆ ಭಯ ನಿಜವಾಗಲಿಲ್ಲವಾದರೂ ಎಚ್ಚರಿಕೆ ಉಳಿದುಕೊಂಡಿತು. ನಿಮ್ಮ ಅವ್ವನಿಗೆ ಬರೆದಿರುವ ಕ್ರಮದಲ್ಲಿ ರೂಢಿಯ ಪ್ರಮಾಣ ಸುತ್ತಿಗೆ ಅದೇ ಲೆಕ್ಕದಲ್ಲಿ 60 ಮಿಲಿಗ್ರಾಂ. ನಾಲ್ಕು ಸುತ್ತಿಗೆ 240. ಆ ಗೆರೆಯನ್ನು ಅವರು ಮುಟ್ಟುವುದೇ ಇಲ್ಲ. ಕೀಮೋಗೆ ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದಾರೆಯೇ ಎಂದು ಮಾತ್ರ ಫೈಲಿನಲ್ಲಿ ನೋಡಿಕೊಳ್ಳಿ.

ಉಳಿದವುಗಳಲ್ಲೂ ಇದೇ ಜಾಣ್ಮೆ ಕಾಣುತ್ತದೆ. ಅಮಿಫಾಸ್ಟಿನ್ ಎಂಬುದನ್ನು ಅಮೆರಿಕದ ಸೈನ್ಯದವರು ಅಣುಬಾಂಬಿನ ವಿಕಿರಣಕ್ಕೆಂದು ಹುಡುಕಿದ್ದು. ಆರೋಗ್ಯವಂತ ಅಂಗಾಂಶದಲ್ಲಿ ಹೆಚ್ಚಾಗಿರುವ ಕಿಣ್ವವೊಂದು ಅದನ್ನು ಚುರುಕುಗೊಳಿಸುವುದರಿಂದ, ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಪಡೆಯುವವರ ಮೂತ್ರಪಿಂಡ ಕಾಯಲು ಬಳಕೆಗೆ ಬಂತು. ರಕ್ತದೊತ್ತಡ ಕುಸಿಯುವುದು, ವಾಂತಿ ಮುಂತಾದ ಕಾಟ ಅದಕ್ಕೂ ಉಂಟು. ಸಿಸ್‌ಪ್ಲಾಟಿನ್ ಪಡೆಯುವ ಮಕ್ಕಳ ಕಿವಿ ಕೆಡದಂತೆ ಸೋಡಿಯಂ ಥಯೋಸಲ್ಫೇಟ್ ಕೊಡುವುದಕ್ಕೆ 2022ರಲ್ಲಿ ಅಲ್ಲಿ ಅನುಮತಿ ದೊರೆತಿದೆ. ಅದನ್ನು ಕೀಮೋ ಮುಗಿದು ಆರು ಗಂಟೆಯಾದ ಮೇಲೆ ಕೊಡಬೇಕು, ಜೊತೆಗೇ ಕೊಟ್ಟರೆ ಸಿಸ್‌ಪ್ಲಾಟಿನ್ನನ್ನೇ ಕಟ್ಟಿಹಾಕಿಬಿಡುತ್ತದೆ. ಅಂದರೆ ಯಾವ ರಕ್ಷಕ ಔಷಧವಾದರೂ ಗಡ್ಡೆಯನ್ನು ಬಿಟ್ಟು ಅಂಗವನ್ನಷ್ಟೇ ಕಾಯಬೇಕಾದರೆ ಅದಕ್ಕೊಂದು ಜಾಗವೋ ಒಂದು ಹೊತ್ತೋ ಗೊತ್ತಿರಬೇಕು.

ಈಗ ನಿಮ್ಮ ಡಬ್ಬಿ. ಕರ್ಕ್ಯುಮಿನ್ನಿಗೆ ಆ ಜಾಗವೂ ಗೊತ್ತಿಲ್ಲ, ಹೊತ್ತೂ ಗೊತ್ತಿಲ್ಲ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಾನವ ಸ್ತನ ಕ್ಯಾನ್ಸರಿನ ಗಡ್ಡೆ ಬೆಳೆಸಿದ ಇಲಿಗಳಿಗೆ ಆಹಾರದಲ್ಲಿ ಕರ್ಕ್ಯುಮಿನ್ ಬೆರೆಸಿ ಸೈಕ್ಲೊಫಾಸ್ಫಮೈಡ್ ಕೊಟ್ಟಾಗ, ಗಡ್ಡೆ ಕುಗ್ಗಬೇಕಾದಷ್ಟು ಕುಗ್ಗಲಿಲ್ಲ. ಅದೇ ತಂಡ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಡಾಕ್ಸೊರುಬಿಸಿನ್ನಿನ ಏಟನ್ನೂ ಕರ್ಕ್ಯುಮಿನ್ ತಗ್ಗಿಸಿದ್ದನ್ನು ಕಂಡಿತು. ಇಲಿ ಇಲಿಯೇ, ಮನುಷ್ಯನಲ್ಲ; ಕರ್ಕ್ಯುಮಿನ್ ಕೀಮೋಗೆ ನೆರವಾಗುತ್ತದೆ ಎಂದ ಪ್ರಯೋಗಗಳೂ ಇವೆ. ಆದರೆ ನಿಮ್ಮ ಅವ್ವನ ಡ್ರಿಪ್ಪಿನಲ್ಲಿರುವುದು ಅದೇ ಎರಡು ಔಷಧಗಳಾದ ಕಾರಣ ನಾನಾದರೆ ಆ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ.

ಕರಿಮೆಣಸಿನ ಸಾರ ಸೇರಿಸಿರುವುದು ಇನ್ನೊಂದು ತೊಡಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಖಾರದ ವಸ್ತುವಾದ ಪಿಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇ. 2000ರಷ್ಟು ಹೆಚ್ಚಿತು. ಡಬ್ಬಿಯ ಮೇಲಿನ ಜಂಬಕ್ಕೆ ಮೂಲ ಅದೇ. ಇದು ಆಗುವುದು ಪಿಪರಿನ್ ನಮ್ಮ ಪಿತ್ತಜನಕಾಂಗ ಮತ್ತು ಕರುಳಿನ ‘ಹೊರಹಾಕುವ’ ಕಿಣ್ವಗಳಿಗೆ ಅಡ್ಡ ನಿಲ್ಲುವುದರಿಂದ. ಮುಂದೆ ಕೊಡಲಿರುವ ಪ್ಯಾಕ್ಲಿಟ್ಯಾಕ್ಸೆಲ್ಲನ್ನು ದೇಹ ಹೊರಹಾಕುವುದರಲ್ಲೂ ಅದೇ ಬಗೆಯ ಕಿಣ್ವಗಳ ಕೈಯಿದೆ. ನಮ್ಮ ತೋಟದ ಮೆಣಸನ್ನು ಸಾರಿಗೆ ಕುಟ್ಟಿ ಹಾಕುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅಡುಗೆಯ ಚಿಟಿಕೆ ಬೇರೆ, ಸಾರ ಇಳಿಸಿ ತುಂಬಿದ ಕ್ಯಾಪ್ಸೂಲ್ ಬೇರೆ.

ಸೋಮವಾರಪೇಟೆ ಬೆಳೆಗಾರ

ಔಷಧಿಕಾರರ ಮಾತು ತೂಕದ್ದೇ, ಆದರೂ ನನಗೆ ಒಂದು ತಕರಾರಿದೆ. ಗಿಡಮೂಲಿಕೆ ಎಂದ ಕೂಡಲೇ ಆಸ್ಪತ್ರೆಯವರು ಮುಖ ಗಂಟಿಕ್ಕುತ್ತಾರೆ. ಆದರೆ ಆ ಕೀಮೋ ಔಷಧಗಳೇ ಎಲ್ಲಿಂದ ಬಂದವು? ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಯೂ ಮರದ ತೊಗಟೆಯಲ್ಲಿ. ವಿನ್‌ಕ್ರಿಸ್ಟಿನ್ ನಮ್ಮ ಅಂಗಳದ ನಿತ್ಯಪುಷ್ಪದಲ್ಲಿ. ಇರಿನೊಟೆಕನ್ನಿನ ಮೂಲವಸ್ತು ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲೂ ಇದೆ. ವಿಷ ಕೊಡುವ ಗಿಡ ಇರುವುದಾದರೆ ಕಾಯುವ ಗಿಡವೂ ಇರಲೇಬೇಕಲ್ಲವೇ? ಎಲ್ಲವನ್ನೂ ‘ಬೇಡ’ ಎಂದುಬಿಡುವುದು ಸುಲಭ.

ಇಷ್ಟು ಹೇಳಿ, ನನ್ನ ಕೈಯಿಂದಲೇ ಆದ ಒಂದು ತಪ್ಪನ್ನೂ ಹೇಳದಿದ್ದರೆ ಸರಿಯಾಗುವುದಿಲ್ಲ. ನಮ್ಮ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಕೊಡುತ್ತಿದ್ದರು. ಡಿಸೆಂಬರ್ ತಿಂಗಳು, ಬೆಳಗಿನ ಜಾವ ಕಣದಲ್ಲಿ ಕಾಫಿ ಹರಡಲು ಹೋದವರು ಕಬ್ಬಿಣದ ಗೇಟಿನ ಚಿಲಕ ಮುಟ್ಟಿ ಕರೆಂಟು ಹೊಡೆದವರಂತೆ ಕೈ ಹಿಂದೆಳೆದುಕೊಂಡರು. ತಣ್ಣೀರು ಗುಟುಕರಿಸಿದರೆ ಗಂಟಲು ಹಿಡಿದಂತಾಗುತ್ತಿತ್ತು. ಆ ಔಷಧಕ್ಕೆ ಶೀತ ಆಗುವುದಿಲ್ಲವೆಂದು ಮೊದಲೇ ಹೇಳಿದ್ದರು. ನಮ್ಮ ಕಡೆಯ ಚಳಿಯಲ್ಲಿ ಕೈಗವಸು, ಬಿಸಿನೀರು ಎಂದು ಎಷ್ಟು ಜತನ ಮಾಡಿದರೂ ಸಾಲದು. ಬೆರಳು ಜೋಮು ಹಿಡಿಯತೊಡಗಿದಾಗ ನಾನು ಯಾರನ್ನೂ ಕೇಳದೆ ಅಸಿಟೈಲ್ ಕಾರ್ನಿಟಿನ್ ಎಂಬ ಮಾತ್ರೆ ತರಿಸಿಕೊಟ್ಟೆ, ನರಗಳನ್ನು ಕಾಪಾಡುತ್ತದೆ ಎಂದು ಓದಿದ್ದೆ. ಎರಡು ತಿಂಗಳಾದ ಮೇಲೆ ವೈದ್ಯರಿಗೆ ಹೇಳಿದಾಗ ಅವರು ಬೈಯಲಿಲ್ಲ, ಕಂಪ್ಯೂಟರಿನಲ್ಲಿ ಒಂದು ವರದಿ ತೆರೆದು ತೋರಿಸಿದರು. ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನ ಔಷಧ ಪಡೆಯುತ್ತಿದ್ದ 409 ಹೆಂಗಸರಿಗೆ ಅರ್ಧದಷ್ಟು ಜನಕ್ಕೆ ಆ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ನೋಡಿದ ಪರೀಕ್ಷೆ ಅದು, 2013ರಲ್ಲಿ ಪ್ರಕಟವಾದದ್ದು. 24 ವಾರಗಳ ಕೊನೆಗೆ ಮಾತ್ರೆ ನುಂಗಿದವರ ನರಬಾಧೆಯೇ ಹೆಚ್ಚಾಗಿತ್ತು. ತಂದೆಯ ಕೈಕಾಲಿನ ಜೋಮು ಕೀಮೋ ಮುಗಿದ ಮೇಲೂ ಕೆಲವು ತಿಂಗಳು ಏರುತ್ತಲೇ ಹೋಯಿತು. ಆ ಔಷಧದ ಗುಣವೇ ಹಾಗಂತೆ. ಆದರೂ ಮಾತ್ರೆಯ ಪಾಲು ಅದರಲ್ಲಿ ಎಷ್ಟಿತ್ತೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ನಿಮ್ಮ ಅವ್ವನಿಗೂ ಮುಂದೆ ಪ್ಯಾಕ್ಲಿಟ್ಯಾಕ್ಸೆಲ್ ಇದೆ ಎಂದಿರಿ. ಯಾರಾದರೂ ಈ ಮಾತ್ರೆ ತಂದುಕೊಟ್ಟರೆ ದಯವಿಟ್ಟು ದೂರವಿಡಿ.

ಮದ್ದು ಸೊಪ್ಪಿನ ವಿಷಯ ಮಾತ್ರ ಬೇರೆ. ವರ್ಷಕ್ಕೊಂದು ದಿನ, ಒಂದು ಬಟ್ಟಲು ಪಾಯಸ. ಅದರಿಂದ ಏನಾದೀತು?

ನಾಪೋಕ್ಲಿನ ನರ್ಸ್, ಈಗ ಮೈಸೂರು

ನಾನು ಕೀಮೋ ಡೇ ಕೇರ್‌ನಲ್ಲಿ ಕೆಲಸ ಮಾಡುತ್ತೇನೆ. ಊರು ನಾಪೋಕ್ಲು, ಆದ್ದರಿಂದ ಅಕ್ಕನ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ. ಅಣ್ಣಾ, ಒಂದು ಬಟ್ಟಲಿನಿಂದ ಏನಾದೀತು ಎಂದಿರಿ. ಆ ಸೊಪ್ಪಿನಲ್ಲಿ ವಿಷವಿದೆ ಎಂದು ನಾನು ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದವರು ಉತ್ಕರ್ಷಣ ನಿರೋಧಕ ಗುಣದ ಫಿನಾಲಿಕ್ ವಸ್ತುಗಳನ್ನೇ ಅದರಲ್ಲಿ ಕಂಡಿದ್ದಾರೆ. ನನ್ನ ಚಿಂತೆ ಅದರ ಬಣ್ಣದ್ದು.

ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಔಷಧ ಮೈಗೆ ಹಿಡಿಯಿತು ಎಂಬುದಕ್ಕೆ ಅದನ್ನೇ ಗುರುತಾಗಿ ಹೇಳುತ್ತೇವೆ. ಡಾಕ್ಸೊರುಬಿಸಿನ್ ಕೊಟ್ಟ ಮೇಲೆಯೂ ಒಂದೆರಡು ದಿನ ಮೂತ್ರ ಕೆಂಪಾಗಿಯೇ ಇರುತ್ತದೆ, ಅದು ಔಷಧದ ಬಣ್ಣ, ಹೆದರಬೇಕಾಗಿಲ್ಲ. ಇವೆರಡರ ಜೊತೆಗೆ ಮೇಲೆ ಔಷಧಿಕಾರರು ಹೇಳಿದ ಸೈಕ್ಲೊಫಾಸ್ಫಮೈಡ್ ಮೂತ್ರಕೋಶ ಸುಟ್ಟು ರಕ್ತ ಬರಿಸಿದರೆ ಅದೂ ಕೆಂಪೇ. ನಾವು ರೋಗಿಗಳಿಗೆ ಹೇಳಿ ಕಳುಹಿಸುವುದು ಹೀಗೆ: ಎರಡು ದಿನ ಕಳೆದ ಮೇಲೂ ಕೆಂಪು ಹೋಗದಿದ್ದರೆ, ಇಲ್ಲವೇ ಉರಿಯಾಗಿ ಹೆಪ್ಪು ಕಂಡರೆ, ಕೂಡಲೇ ಫೋನ್ ಮಾಡಿ. ಆಗಸ್ಟ್ 1ಕ್ಕೆ ಕೀಮೋ, 3ರಂದು ಪಾಯಸ. 4ರಂದು ಮೂತ್ರ ಕೆಂಪಾಗಿದ್ದರೆ ಅದು ಯಾವ ಕೆಂಪೆಂದು ನೀವು ಹೇಗೆ ಹೇಳುತ್ತೀರಿ? ಫೋನ್ ಮಾಡಬೇಕಾದವರು ‘ಅದು ಮದ್ದು ಸೊಪ್ಪಿನದ್ದು’ ಎಂದು ಸುಮ್ಮನಾಗಿಬಿಡುವ ಅಪಾಯವಿದೆ, ಇಲ್ಲವೇ ಏನೂ ಆಗದಿದ್ದರೂ ಹೆದರಿ ಆ ಮಳೆಯಲ್ಲಿ ಮೈಸೂರಿಗೆ ಓಡಿ ಬರುವ ಅವಸ್ಥೆ. ನಾನು ನಮ್ಮ ಮನೆಯವರಿಗಾದರೆ ಈ ಒಂದು ವರ್ಷ ಬೇಡ ಎನ್ನುತ್ತಿದ್ದೆ.

ವಾಕರಿಕೆಗೆ ಮಾತ್ರ ನಿಮ್ಮ ಕೈಯಲ್ಲಿ ಬೇಕಾದಷ್ಟಿದೆ. ಈ ಜೋಡಿ ಔಷಧ ತುಂಬ ವಾಂತಿ ಬರಿಸುವ ಗುಂಪಿನದು, ಹಾಗಾಗಿ ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ಅಪ್ರೆಪಿಟೆಂಟ್, ಒಲಾಂಜಪಿನ್ ಎಂದು ನಾಲ್ಕು ಬಗೆಯನ್ನು ಸೇರಿಸಿ ಕೊಡುವ ಪದ್ಧತಿಯಿದೆ. ಮೊದಲ ಸಲ ಅವ್ವನಿಗೆ ಯಾವುದೆಲ್ಲ ಬರೆದಿದ್ದರು ನೋಡಿ, ನಾಲ್ಕು ದಿನ ವಾಕರಿಕೆಯಿತ್ತು ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ, ಅವರು ಸೇರಿಸುತ್ತಾರೆ. ಬಹಳ ಜನ ‘ಕೀಮೋ ಎಂದ ಮೇಲೆ ಅದು ಇದ್ದದ್ದೇ’ ಎಂದು ಹೇಳುವುದೇ ಇಲ್ಲ. ಗಿಡಮೂಲದ್ದೇ ಬೇಕೆಂದರೆ ಶುಂಠಿಗೆ ಆಧಾರವಿದೆ. 2012ರಲ್ಲಿ ಪ್ರಕಟವಾದ 576 ರೋಗಿಗಳ ಪರೀಕ್ಷೆಯಲ್ಲಿ, ವಾಂತಿಯ ಮಾತ್ರೆಯ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿಯನ್ನು ಕೀಮೋಗೆ ಮೂರು ದಿನ ಮೊದಲಿನಿಂದ ಕೊಟ್ಟಾಗ ಮೊದಲ ದಿನದ ವಾಕರಿಕೆ ತಗ್ಗಿತು. ಎಲ್ಲ ಪರೀಕ್ಷೆಗಳಲ್ಲೂ ಹಾಗೆ ಆಗಿಲ್ಲ, ಮಾತ್ರೆ ಬಿಟ್ಟು ಶುಂಠಿಯನ್ನಷ್ಟೇ ನಂಬುವ ಹಾಗೂ ಇಲ್ಲ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಕೇಳಿಕೊಂಡೇ ಕೊಡಿ.

ಬಾಯಿಹುಣ್ಣಿಗೆ ಉಪ್ಪು, ಅಡುಗೆ ಸೋಡ ಬೆರೆಸಿದ ಬೆಚ್ಚನೆಯ ನೀರಿನಿಂದ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿಸಿ. ಹುಣ್ಣಿರುವಾಗ ನಮ್ಮ ಕಡುಹುಳಿಯ ಕಾಚಂಪುಳಿ ಹಾಕಿದ್ದನ್ನು ಕೊಡಬೇಡಿ, ಪ್ರಾಣ ಹೋದಂತಾಗುತ್ತದೆ. ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ: ಕೀಮೋ ಆಗಿ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣ ಕೆಳಗಿಳಿದಿರುತ್ತದೆ. ಆಗ ಹಸಿ ಸೊಪ್ಪಿನ ರಸ, ಹಸಿ ಕಷಾಯ ಯಾವುದೂ ಬೇಡ, ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಹೊರಡಬೇಕು. ಕಕ್ಕಡದ ಮಳೆಗೆ ರಸ್ತೆಯ ಮೇಲೆ ಮರವೋ ಗುಡ್ಡದ ಬರೆಯ ಮಣ್ಣೋ ಬೀಳುವುದು ನಿಮಗೆ ಹೊಸತಲ್ಲ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಸಿಗುತ್ತದೆ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ.

ಗೋಣಿಕೊಪ್ಪದ ನಿವೃತ್ತ ಔಷಧಿಕಾರ

ಬೆಣ್ಣೆಯಿಂದ ಕೂದಲು ತೆಗೆದಂತೆ ಬಿಡಿಸಿ ಹೇಳಿದಿರಿ ತಂಗೀ, ಆ ಬಣ್ಣದ ವಿಷಯ ನನಗೂ ಹೊಳೆದಿರಲಿಲ್ಲ.

ಬೆಳೆಗಾರರೇ, ನಿಮ್ಮ ತಕರಾರು ಅರ್ಧ ಒಪ್ಪುತ್ತೇನೆ. ಕಾಯುವ ಗಿಡ ಇರಬಹುದು. ಆದರೆ ನಿತ್ಯಪುಷ್ಪವನ್ನು ಯಾರೂ ಕಷಾಯ ಮಾಡಿ ಕುಡಿಸುತ್ತಿಲ್ಲ. ಅದರಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಒಂದೆರಡು ಮಿಲಿಗ್ರಾಂ ಅಳೆದು, ರಕ್ತನಾಳಕ್ಕೆ ಕೊಡುತ್ತಾರೆ. ರಕ್ಷಕ ಗಿಡಕ್ಕೂ ಅದೇ ಅಳತೆ ಬರಲಿ. ನೀವು ಹೇಳಿದ ಇರಿನೊಟೆಕನ್ನಿನ ಕಥೆಯನ್ನೇ ಮುಂದುವರಿಸುತ್ತೇನೆ: ಪಶ್ಚಿಮದಲ್ಲಿ ಮನಸ್ಸಿನ ಬೇಸರಕ್ಕೆ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ನುಂಗುವವರು ಬಹಳ. ಇರಿನೊಟೆಕನ್ ಪಡೆಯುವವರಿಗೆ ಅದನ್ನು ಜೊತೆಯಲ್ಲಿ ಕೊಟ್ಟು ರಕ್ತ ಪರೀಕ್ಷಿಸಿದಾಗ, ಗಡ್ಡೆಯ ಮೇಲೆ ಕೆಲಸ ಮಾಡಬೇಕಾದ ವಸ್ತುವಿನ ಮಟ್ಟ ಶೇ. 42ರಷ್ಟು ಇಳಿದಿತ್ತು. ರೋಗಿಗೆ ಅಡ್ಡಪರಿಣಾಮ ಕಡಿಮೆಯಾಗಿ ಹಿತವೆನಿಸಬಹುದು. ಔಷಧವೇ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದೆ ಎಂಬುದು ಅವನಿಗೆ ತಿಳಿಯುವುದಿಲ್ಲ. ಕೀಮೋ ‘ಸುಲಭವಾಯಿತು’ ಎಂದು ಯಾರಾದರೂ ಹೇಳಿದರೆ ನಾನು ಖುಷಿಪಡುವ ಮೊದಲು ಜೊತೆಗೆ ಏನು ನುಂಗುತ್ತಿದ್ದೀರಿ ಎಂದು ಕೇಳುತ್ತಿದ್ದದ್ದು ಇದಕ್ಕೇ.

ಅಮೃತಬಳ್ಳಿಯ ಮಾತು ಇನ್ನೂ ಬಂದಿಲ್ಲ, ಬರುವ ಮೊದಲೇ ಹೇಳುತ್ತೇನೆ. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ 6 ಜನರಲ್ಲಿ ಪಿತ್ತಜನಕಾಂಗದ ಉರಿಯೂತ ಕಂಡದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರಿಗಿರಲಿ. ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಎರಡನ್ನೂ ಹೊರಹಾಕಬೇಕಾದ್ದು ಪಿತ್ತಜನಕಾಂಗವೇ, ಅದು ಮುನಿಸಿಕೊಂಡರೆ ಕೀಮೋ ಮುಂದಕ್ಕೆ ಹೋಗುತ್ತದೆ.

ಕಕ್ಕಬ್ಬೆಯ ಮಗಳು

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಎರಡನೆಯ ಸುತ್ತು ನಿನ್ನೆ ಮುಗಿಯಿತು. ಎಕೋ ಮೇ ತಿಂಗಳಲ್ಲೇ ಆಗಿತ್ತು, ಫೈಲಿನ ಹಿಂಬದಿಯಲ್ಲಿತ್ತು. ವಾಂತಿಗೆ ಮೊದಲ ಸಲ ಎರಡೇ ಬಗೆ ಬರೆದಿದ್ದರು. ನಾಲ್ಕು ದಿನದ ಕಥೆ ಹೇಳಿದ ಮೇಲೆ ಅಪ್ರೆಪಿಟೆಂಟನ್ನೂ ರಾತ್ರಿಗೆ ಒಲಾಂಜಪಿನ್ನನ್ನೂ ಸೇರಿಸಿದರು. ಇವತ್ತು ಬೆಳಿಗ್ಗೆ ಅವ್ವ ಅರ್ಧ ಅಕ್ಕಿರೊಟ್ಟಿ ತಿಂದಿದ್ದಾರೆ. ಕ್ಯಾಪ್ಸೂಲಿನ ಡಬ್ಬಿಯನ್ನು ಡಾಕ್ಟರಿಗೆ ತೋರಿಸಿದೆ, ಮೇಲಿನ ಅಕ್ಷರ ಓದಿ ವಾಪಸು ಕೊಟ್ಟು, ‘ಕೀಮೋ ಪೂರ್ತಿ ಮುಗಿಯಲಿ, ಆಮೇಲೆ ಮಾತಾಡೋಣ’ ಎಂದರು.

ಮದ್ದು ಸೊಪ್ಪಿನ ಬಗ್ಗೆ ಅವ್ವನಿಗೆ ಹೇಗೆ ಹೇಳುವುದೆಂದು ತಿಳಿಯದೆ ನರ್ಸ್ ಅಕ್ಕ ಬರೆದಿದ್ದನ್ನೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೆ ನಿನ್ನೆಯೇ ಕಕ್ಕಡ ಹದಿನೆಂಟು ಆಯಿತು ಬಿಡು, ಬೆಳಿಗ್ಗೆ ನೋಡಿದೆನಲ್ಲ’ ಎಂದು ನಕ್ಕರು. ನಾಳೆ ಉಳಿದವರಿಗೆ ಮದ್ದು ಸೊಪ್ಪಿನದು, ಅವರಿಗೆ ಬೇರೆ ಪಾತ್ರೆಯಲ್ಲಿ ಬರೀ ಅಕ್ಕಿ, ಬೆಲ್ಲ, ತೆಂಗಿನಹಾಲಿನ ಪಾಯಸ.

ಸೋಮವಾರಪೇಟೆ ಅಣ್ಣಾ, ಆ ಮಾತ್ರೆಯ ಹೆಸರು ಬರೆದಿಟ್ಟುಕೊಂಡಿದ್ದೇನೆ. ನರ್ಸ್ ಅಕ್ಕಾ, ಇನ್ನೊಂದೇ ಪ್ರಶ್ನೆ: ಪ್ಯಾಕ್ಲಿಟ್ಯಾಕ್ಸೆಲ್ ಕೊಡುವಾಗ ಕೈಕಾಲಿಗೆ ಮಂಜುಗಡ್ಡೆಯ ಗವಸು ಹಾಕಿದರೆ ಜೋಮು ಕಡಿಮೆಯಾಗುತ್ತದೆ ಎಂದು ಪಕ್ಕದ ಹಾಸಿಗೆಯವರು ಹೇಳಿದರು. ಅಣ್ಣ ಹೇಳಿದ ಔಷಧಕ್ಕೆ ಶೀತವೇ ಶತ್ರು, ಇದಕ್ಕೆ ಶೀತವೇ ಮದ್ದೇ?

ನಾಪೋಕ್ಲಿನ ನರ್ಸ್, ಈಗ ಮೈಸೂರು

ಹೌದಕ್ಕ, ಎರಡೂ ನಿಜ. ಆಕ್ಸಾಲಿಪ್ಲಾಟಿನ್ ನರಗಳನ್ನು ಶೀತಕ್ಕೆ ಕೆರಳುವಂತೆ ಮಾಡುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಕೊಡುವಾಗ ತಣ್ಣನೆಯ ಗವಸು ಬೆರಳಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಅಲ್ಲಿಗೆ ಔಷಧ ಕಡಿಮೆ ತಲುಪುತ್ತದೆ. ಜಪಾನಿನಲ್ಲಿ 36 ರೋಗಿಗಳಿಗೆ ಒಂದೇ ಕಡೆಯ ಕೈಕಾಲಿಗೆ ಹಾಕಿ ನೋಡಿದಾಗ, ಹಾಕಿದ ಕಡೆ ಜೋಮು ಕಡಿಮೆಯಿತ್ತು. ಪರೀಕ್ಷೆ ಚಿಕ್ಕದು, ಆದರೆ ಇದರಲ್ಲಿ ನುಂಗುವಂಥದ್ದು ಏನೂ ಇಲ್ಲ. ಎಲ್ಲ ಕಡೆ ಗವಸು ಇರುವುದಿಲ್ಲ, ನಿಮ್ಮ ಡೇ ಕೇರ್‌ನಲ್ಲಿ ಕೇಳಿ. ಇಲ್ಲವೆಂದರೆ ಬಟ್ಟೆ ಸುತ್ತಿದ ಐಸ್‌ಪ್ಯಾಕ್ ತರಬಹುದೇ ಎಂದು ವಿಚಾರಿಸಿ. ಬರಿ ಚರ್ಮಕ್ಕೆ ಮಂಜುಗಡ್ಡೆ ತಾಗಿಸಬೇಡಿ. ಅದಕ್ಕೆ ಇನ್ನೂ ಎರಡು ಸುತ್ತು ಬಾಕಿಯಿದೆ, ಅಷ್ಟರಲ್ಲಿ ಮಳೆಯೂ ಇಳಿದಿರುತ್ತದೆ.